ಲಾರಿಯ ಆಯಿಲು ಕಾರಿಗೆ

ಹೆಲ್ಮಿ,

ಅಮ್ಮನಿಗೆ ಬೆಳಿಗ್ಗೆ ಮತ್ತೆ ಉಸಿರು ಕಟ್ಟಿತು. ಕಾರು ಗೇಟಿನ ಮುಂದಿನ ಏರಿನಲ್ಲೇ ಸುತ್ತಿಗೆ ಬಡಿದ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಪಕ್ಕದ ತೋಟದ ಲಿಯೊಂಗ್ ಅಂಕಲ್ ತಮ್ಮ ಎಲೆಕೋಸಿನ ಲಾರಿಯಲ್ಲಿ ನಮ್ಮನ್ನು ಇಪೋ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ.

ಲಾರಿಗೆ ಹಾಕೋ ದಪ್ಪ ಆಯಿಲನ್ನು ಟರ್ಬೊ ಕಾರಿಗೆ ಯಾಕೋ ಹಾಕಿದೆ? ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮೋ ಎಂಜಿನ್ನು, ಅದು ತಡೆಯಲ್ಲ. ಈಗಲೇ ಸ್ಟಾರ್ಟ್ ಮಾಡಬೇಡ. ಮೊದಲು ಆ ಆಯಿಲೆಲ್ಲಾ ಸುರಿಸಿಬಿಡು, ಫಿಲ್ಟರೂ ಬದಲಿಸು. ಹೊಸ ಡಬ್ಬದ ಮೇಲೆ 5W-30, ಜೊತೆಗೆ ಇಂಥ ಟರ್ಬೊ ಎಂಜಿನ್ನಿಗೆ ಆಗುತ್ತೆ ಅನ್ನೋ SP ಗುರುತು ಇರಲೇಬೇಕು. ಅಂಗಡಿಯವನು ಬೇರೇನು ಹೇಳಿದರೂ ಕೇಳಬೇಡ. ಅಮ್ಮನನ್ನು ವಾಪಸ್ ಕರೆತರೋಕೆ ನಮಗಿರೋದು ಅದೊಂದೇ ಕಾರು.

ಆಮೇಲೂ ಎಂಜಿನ್ನು ಬಡಿದರೆ ಕಾರನ್ನ ಅಲ್ಲೇ ಬಿಟ್ಟು ಬಸ್ಸು ಹತ್ತು. ದಮ್ಮಯ್ಯ, ಸಂಜೆಯೊಳಗೆ ಆಸ್ಪತ್ರೆಗೆ ಬಾ.

ಲಾರಿ ಹತ್ತುವಾಗ ಅಮ್ಮ, "ಅವನನ್ನ ಬೈಬೇಡ ಕಣೇ, ಏರಲ್ಲಿ ಕಾರು ಕೈಕೊಡದಿರಲಿ ಅಂತ ನನಗೋಸ್ಕರಾನೇ ಹಾಕಿದ್ದು" ಅಂದಳು. ಈ ಚೀಟಿ ಅವಳಿಗೆ ತೋರಿಸಬೇಡ.

ಮಸ್ತೂರಾ ಅಕ್ಕ