ಗೆದ್ದವರು ಮತ್ತೊಮ್ಮೆ ಹಾಡಬೇಕು

ಸಿಯೋಲ್,
ನವೆಂಬರ್ ೨೯

ಪ್ರೀತಿಯ ಅಜ್ಜಿಗೆ,

ಹೇಗಿದ್ದೀಯ? ಬೆರಳಿನ ಗಂಟುಗಳ ನೋವು ಕಡಿಮೆಯಾಯಿತಾ? ನೀನು ಕಳಿಸಿದ ಖಾರದ ಕಿಮ್ಚಿ ಡಬ್ಬಿ ತಲುಪಿ ವಾರವಾಯಿತು. ಒಂದು ಮಾತು ತಿಳಿಸದ್ದಕ್ಕೆ ಕ್ಷಮಿಸು. ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಕೂತು, ಕೈಯಲ್ಲಿ ಚಾಕು ಆಡಿಸುತ್ತಾ, "ಆ ಶಾಲೆ ಬಿಟ್ಟ ಸೊದಾಮ್‌ಗೆ ತಿನ್ನೋಕೆ ಬರುತ್ತೆ, ತಿಂದೆ ಅನ್ನೋಕೆ ಬರಲ್ಲ" ಅಂತ ನೀನು ಬೈದಿರುತ್ತೀಯ. ಟೊಂಗ್ಯೊಂಗಿನಿಂದ ಇಲ್ಲಿಗೇ ಕೇಳಿಸಿತು. ಸಿಂಪಿ ಹಾಕಿದ್ದನ್ನು ಮೊದಲು ಮುಗಿಸಿ ಅಂತ ಮುಚ್ಚಳದ ಮೇಲೆ ಬರೆದಿದ್ದೀಯಲ್ಲ, ಅದನ್ನೇ ತಿನ್ನುತ್ತಿದ್ದೇನೆ. ಅಕ್ಕನಿಗೆ ಖಾರ ಕೊಡಬಾರದು ಅಂದಿದ್ದಾರೆ. ಹಾಗಾಗಿ ನಾನೊಬ್ಬಳೇ.

ಫೋನ್ ಬಿಟ್ಟು ಕಾಗದ ಯಾಕೆ ಅಂದರೆ, ನೀನು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕುತ್ತೀಯ. ಪಕ್ಕದಲ್ಲಿ ಕೂರುವ ಒಕ್‌ಬೂನ್ ಅಜ್ಜಿಯ ಕಿವಿಗೆ ಬಿದ್ದರೆ ಸಂಜೆಯೊಳಗೆ ಇಡೀ ಬಂದರಿಗೆ ಗೊತ್ತು. ಇದನ್ನು ಓದಿ ಒಲೆಗೆ ಹಾಕು. ಹೊರಗಿನವರಿಗೆ ಹೇಳುವುದಿಲ್ಲ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ನೀನು ಹೊರಗಿನವಳಲ್ಲ.

ಶನಿವಾರ ಅಕ್ಕ ಗೆದ್ದದ್ದನ್ನು ನೀನು ಟಿವಿಯಲ್ಲಿ ನೋಡಿದೆ. ಗೆದ್ದ ಮೇಲೆ ಅತ್ತದ್ದನ್ನೂ ನೋಡಿದೆ. ಅವಳು ಅಳಲಿಲ್ಲ ಅಜ್ಜಿ. ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ಅಕ್ಕನ ಗಂಟಲಿಗೆ ಆಪರೇಷನ್ ಆದಾಗ ನಿನಗೆ ಸಣ್ಣದು ಅಂದಿದ್ದರು. ಸಣ್ಣದಾಗಿರಲಿಲ್ಲ. ಮಾತಾಡುವಾಗ ಗೊತ್ತಾಗುವುದಿಲ್ಲ, ಆದರೆ ಸ್ವಲ್ಪ ಮೇಲಕ್ಕೆ ಹೋದರೆ ದನಿ ಎರಡು ಸೀಳಾಗುತ್ತದೆ. ಆದರೂ ಅವಳನ್ನು ಹಾಡಿಸುವ ಕಂಪನಿಯವರು ಕಾಯಲು ತಯಾರಿರಲಿಲ್ಲ. ಹಾಡುಗಾರ್ತಿ ಕಣ್ಣಿಗೆ ಕಾಣದಿದ್ದರೆ ಜನ ಮರೆಯುತ್ತಾರೆ. "ಈ ಸಲ ಎದ್ರೆ ಎದ್ದೆ ಯೆಸುಲ್, ಇಲ್ಲಾಂದ್ರೆ ಊರಿಗೆ ಹೋಗಿ ಸಿಂಪಿ ಬಿಡಿಸು" ಅಂದ ಅಕ್ಕನಿಗೆ, ಮ್ಯಾನೇಜರ್ ಗಿಲ್. ನಗುತ್ತಲೇ ಅಂದ. ಅವನು ಕೆಟ್ಟದ್ದನ್ನೆಲ್ಲ ನಗುತ್ತಲೇ ಹೇಳುವುದು.

ಹೊಸ ಹಾಡು ತಯಾರಾದಾಗ, ಹಾಡುವವರು ಕೇಳಿ ಕಲಿಯಲಿ ಅಂತ ಮೊದಲು ಬೇರೆ ಯಾರಿಂದಲೋ ಹಾಡಿಸಿ ಇಡುತ್ತಾರೆ. ಮಾದರಿ ಹಾಡು. ಊಟ ತಲುಪಿಸುವ ಕೆಲಸ ಬಿಟ್ಟು, ಬಟ್ಟೆ ಅಂಗಡಿ ಬಿಟ್ಟು, ಈಗ ನಾನು ಮಾಡುತ್ತಿದ್ದದ್ದು ಅದನ್ನೇ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತೀಯಲ್ಲ, ಈ ಒಂದು ಕಡೆ ನಿಂತಿದ್ದೆ. ಅಕ್ಕನ ಹೊಸ ಹಾಡು 'ಚಳಿಗಾಲದ ಬಾಲ್ಕನಿ'ಯ ಮಾದರಿಯನ್ನು ಹಾಡಿದವಳೂ ನಾನೇ. ಅಕ್ಕ ಅದನ್ನು ಕೇಳಿ ಕೇಳಿ ಕಲಿತಳು. ಕೆಳದನಿಯ ಸಾಲುಗಳು ಬಂದವು. ಮೇಲಕ್ಕೇರುವ ಪಲ್ಲವಿ ಬರಲಿಲ್ಲ. ಬಿಸಿನೀರು ಕುಡಿದು ಬಂದು ಹಾಡಿದಳು, ಶಾಲು ಸುತ್ತಿಕೊಂಡು ಹಾಡಿದಳು, ದೀಪ ಆರಿಸಿ ಹಾಡಿದಳು. ಕೊನೆಗೆ ಗಿಲ್ ದನಿ ಮುದ್ರಿಸುವ ಯಂತ್ರ ನಿಲ್ಲಿಸಿದ. "ಪಲ್ಲವಿಗೆ ಮಾದರೀಲಿರೋದೇ ಇರಲಿ ಬಿಡಿ. ಅಕ್ಕ ತಂಗಿ ಗಂಟಲು. ಯಾರಿಗೆ ಗೊತ್ತಾಗುತ್ತೆ?"

"ನನ್ನ ಯಾರಾದ್ರೂ ಕೇಳಿದ್ರೆ ನಾನು ಇಲ್ಲ ಅನ್ನಲ್ಲ ಸರ್," ಅಂದೆ.

"ನಿನ್ನ ಯಾರು ಕೇಳ್ತಾರೆ?" ಅಂದ.

ಅಕ್ಕ ಮಾತ್ರ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ನೀರಿನ ಯಂತ್ರದ ಪಕ್ಕ ನಿಂತು, "ಸ್ವಲ್ಪ ದಿನ ನಿನ್ನ ಗಂಟಲು ಕೊಟ್ಟಿರೇ. ನನ್ನದು ಬಂದ್ಮೇಲೆ ವಾಪಸ್ ಕೊಡ್ತೀನಿ," ಅಂದಳು. ಚಿಕ್ಕವರಿದ್ದಾಗ ನನ್ನ ಕೆಂಪು ಸ್ವೆಟರ್ ಕೇಳಿದ ಹಾಗೆಯೇ. ಆ ಸ್ವೆಟರೂ ವಾಪಸ್ ಬಂದಿರಲಿಲ್ಲ. ಆದರೂ ಕೊಟ್ಟೆ.

ಟಿವಿಯಲ್ಲಿ ಹಾಡುವಾಗ ಮುದ್ರಿಸಿದ ದನಿಯನ್ನೂ ಜೊತೆಗೆ ಹಾಕುತ್ತಾರೆ. ಕುಣಿಯುತ್ತಾ ಹಾಡುವವರಿಗೆ ಉಸಿರು ಸಾಲುವುದಿಲ್ಲ, ಎಲ್ಲರಿಗೂ ಹಾಗೇ. ಅಕ್ಕನಿಗೆ ಜೋರಾಗಿ ಹಾಕಿದರು, ಅಷ್ಟೇ. ಮೊದಲ ವಾರ ಅವಳು ವೇದಿಕೆಗೆ ಬಂದಾಗ ಅಭಿಮಾನಿ ಹುಡುಗಿಯರು ನೇರಳೆ ಕೈದೀಪಗಳನ್ನು ಎತ್ತಿ, ಹಾಡಿನ ನಡುನಡುವೆ ಎಲ್ಲೆಲ್ಲಿ ಹೆಸರು ಕೂಗಬೇಕೋ ಅಲ್ಲೆಲ್ಲ ಮನೆತನದ ಹೆಸರೂ ಸೇರಿಸಿ "ತಾಕ್! ಯೆ! ಸುಲ್!" ಅಂತ ಕೂಗಿದರು. ಅವಳು ಎಷ್ಟು ಚೆನ್ನಾಗಿ ತುಟಿ ಆಡಿಸಿದಳು ಅಂದರೆ, ಅದು ಯಾರ ದನಿ ಅಂತ ನನಗೇ ಒಂದು ಕ್ಷಣ ಮರೆತುಹೋಯಿತು.

ಹಾಡು ಎಲ್ಲ ಕಡೆ ಓಡಿತು. ಎರಡನೆಯ ವಾರ ಶನಿವಾರದ ಟಿವಿ ಕಾರ್ಯಕ್ರಮದಲ್ಲಿ ಮೊದಲ ಸ್ಥಾನಕ್ಕೆ ಸ್ಪರ್ಧೆಯಲ್ಲಿದ್ದಾಳೆ ಅಂತ ತಿಳಿದಾಗ ಕಂಪನಿಯಲ್ಲಿ ಕೇಕ್ ಕತ್ತರಿಸಿದರು. ಅಕ್ಕ ಬಚ್ಚಲುಮನೆಗೆ ಹೋಗಿ ವಾಂತಿ ಮಾಡಿದಳು. ಯಾಕೆ ಅಂದರೆ, ಆ ಕಾರ್ಯಕ್ರಮದ ಪದ್ಧತಿ ನಿನಗೂ ಗೊತ್ತು. ಗೆದ್ದವರು ಬಹುಮಾನ ಕೈಯಲ್ಲಿ ಹಿಡಿದು ಅದೇ ಹಾಡನ್ನು ಅಲ್ಲೇ ಮತ್ತೊಮ್ಮೆ ಹಾಡಬೇಕು. ಆಗ ಬರೀ ವಾದ್ಯ ಇರುತ್ತದೆ. ಮುದ್ರಿಸಿದ ದನಿ ಇರುವುದಿಲ್ಲ.

"ಎರಡನೇದು ಬಂದ್ರೆ ಸಾಕು ಸೊದಾಮ್," ಅಂತ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಎರಡನೇದು ಸಾಕು. ಎರಡನೇದು ಬಂದೋರನ್ನ ಯಾರೂ ಹಾಡು ಅನ್ನಲ್ಲ."

ಸೋಲಲಿ ಅಂತ ಬೇಡಿಕೊಳ್ಳುವ ಹಾಡುಗಾರ್ತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅಷ್ಟರಲ್ಲಿ ನಿನ್ನ ಫೋಟೋ ಬಂತು. ಶೆಡ್ಡಿನ ಹೆಂಗಸರೆಲ್ಲ ರಬ್ಬರ್ ಕೈಗವಸು ಬಿಚ್ಚಿ ಸಾಲಾಗಿ ಕೂತು ಮೆಸೇಜಿನಲ್ಲಿ ಓಟು ಹಾಕುತ್ತಿದ್ದೀರಿ. ಒಕ್‌ಬೂನ್ ಅಜ್ಜಿಗೆ ಕನ್ನಡಕ ಸಿಗದೆ ನೀನೇ ಅವಳ ಓಟನ್ನೂ ಒತ್ತಿದ್ದೆಯಂತೆ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ನಕ್ಕಳು. "ಅಜ್ಜೀನೂ," ಅಂದಳು, ಅಷ್ಟೇ. ನಿನ್ನಿಂದ ಆಯಿತು ಅಂದುಕೊಳ್ಳಬೇಡ. ದೇಶದ ತುಂಬ ಅವಳನ್ನು ಪ್ರೀತಿಸುವವರೆಲ್ಲ ಅದನ್ನೇ ಮಾಡುತ್ತಿದ್ದರು.

ಗೆದ್ದವರು ಅಂತ ಅಕ್ಕನ ಹೆಸರು ಕೂಗಿದರು. ಬಣ್ಣದ ಕಾಗದ ಹಾರಿತು. ಉಳಿದ ಹಾಡುಗಾರರು ಚಪ್ಪಾಳೆ ತಟ್ಟಿ, ಬಗ್ಗಿ, ಒಬ್ಬೊಬ್ಬರೇ ಇಳಿದರು. ಅಕ್ಕ ಒಬ್ಬಳೇ ಉಳಿದಳು. ವಾದ್ಯ ಶುರುವಾಯಿತು. ಬದಿಯಲ್ಲಿ ನಿಂತಿದ್ದ ನನ್ನ ಕೈಗೆ ಗಿಲ್ ಒಂದು ಮೈಕು ತುರುಕಿದ. "ಪರದೆ ಹಿಂದೆ ನಿಂತು ಹಾಡು! ಹೂಂ, ಹಾಡೇ!" ನಾನು ದೊಡ್ಡ ಸತ್ಯವಂತೆ ಅಂದುಕೊಳ್ಳಬೇಡ ಅಜ್ಜಿ. ಹಾಡಿಯೇಬಿಡುತ್ತಿದ್ದೆ. ಬಾಯಿ ತೆರೆದಿದ್ದೆ. ಅಕ್ಕ ಒಂದು ಸಲ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು. ಅವಳು ಒಡೆದ ಬಟ್ಟಲಿಗೆ ನಾನು ಬೈಗುಳ ತಿನ್ನಲು ಹೊರಟಾಗ ಬೇಡ ಅನ್ನುತ್ತಿದ್ದಳಲ್ಲ, ಹಾಗೆ. ನಾನು ಮೈಕು ಕೆಳಗಿಳಿಸಿದೆ.

ಮೊದಲ ಸಾಲುಗಳನ್ನು ಅವಳು ಮೈಕನ್ನು ಜನರ ಕಡೆ ಚಾಚಿ ಅವರಿಂದಲೇ ಹಾಡಿಸಿದಳು. ಚೆನ್ನಾಗಿಯೇ ಹಾಡಿದರು. ಆದರೆ ಪಲ್ಲವಿ ಬಂದಾಗ ಎಲ್ಲರೂ ಸುಮ್ಮನಾದರು. ಅವಳದೇ ದನಿ ಕೇಳಬೇಕು ಅಂತ, ಪ್ರೀತಿಯಿಂದ, ಸುಮ್ಮನಾದರು. ಅವಳು ಹಾಡಿದಳು. ಹಳೆಯ ಹಾಸಿಗೆ ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂತು. ಮತ್ತೆ ಪ್ರಯತ್ನಿಸಿದಳು. ಮತ್ತೆ ಅದೇ. ಸಂತೋಷಕ್ಕೆ ಗಂಟಲು ಕಟ್ಟಿದೆ ಅಂದುಕೊಂಡ ಹುಡುಗಿಯರು ಒಟ್ಟಾಗಿ ಕೂಗಿದರು: "ಅಳಬೇಡ! ಅಳಬೇಡ!" ಅವಳ ಕಣ್ಣು ಒಣಗಿತ್ತು. ಅಷ್ಟರಲ್ಲಿ ನಿಮ್ಮ ಟಿವಿಯಲ್ಲಿ ಕಾರ್ಯಕ್ರಮ ಮುಗಿಯಿತು. ಇಲ್ಲಿ ಹಾಡು ಮುಗಿದಿರಲಿಲ್ಲ. ಅವಳು ಕೊನೆಯವರೆಗೂ ಹಾಡಿದಳು. ಒಂದು ಸಾಲನ್ನೂ ಬಿಡಲಿಲ್ಲ.

ಯಾರೋ ವಾದ್ಯವನ್ನೂ ಜನರ ಕೂಗನ್ನೂ ತೆಗೆದು ಬರೀ ಅವಳ ದನಿಯನ್ನು ಹಂಚಿದರು. ಈಗ ಮಕ್ಕಳು ಬಸ್ಸಿನಲ್ಲಿ ಅದನ್ನು ಅಣಕಿಸುತ್ತಾರೆ. ಇಷ್ಟು ದಿನ ಬರೀ ತುಟಿ ಆಡಿಸಿದಳು ಅಂತ ಸಿಟ್ಟಾದ ಅಭಿಮಾನಿಗಳು ಕಂಪನಿಯ ಬಾಗಿಲ ಮುಂದೆ ಕಸದ ಚೀಲಗಳಲ್ಲಿ ನೇರಳೆ ಕೈದೀಪಗಳನ್ನು ತುಂಬಿಟ್ಟು ಹೋಗಿದ್ದಾರೆ. ಒಂದರಲ್ಲಿ ಇನ್ನೂ ದೀಪ ಉರಿಯುತ್ತಿತ್ತು, ನಾನೇ ಆರಿಸಿದೆ. ಉಳಿದ ಕಾರ್ಯಕ್ರಮಗಳೆಲ್ಲ ರದ್ದು. ಡಾಕ್ಟರು ಗಂಟಲು ನೋಡಿ, "ಯಾರು ಹಾಡು ಅಂದ್ರು ನಿಮಗೆ?" ಅಂತ ರೇಗಿದರು. ಇನ್ನು ಹಾಡುವ ಮಾತಿಲ್ಲ ಅಂದರು. ಮಾತು ಬರಬಹುದು, ಬರದೆಯೂ ಇರಬಹುದು. ಅವಳು ಕಿಟಕಿಯ ಪಕ್ಕ ಕೂತಿರುತ್ತಾಳೆ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಾಳೆ. ಏನನ್ನೂ ತೋರಿಸದೆ ಕೂರುವುದೇ ಹೆಚ್ಚು.

ಗಿಲ್ ನಿನ್ನೆ ಬಂದಿದ್ದ. ಅಕ್ಕನನ್ನು ನೋಡಲು ಅಲ್ಲ. "ನಿನಗೆ ಹೊಸ ಹೆಸರು ಇಡೋಣ, ವರ್ಷ ಬಿಟ್ಟು ನೀನೇ ಹಾಡು," ಅಂದ. ಅಕ್ಕ ಒಳಗೆ ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆದರೆ ಅದು ಯೆಸುಲ್‌ಳ ಹಾಡು, ಯೆಸುಲ್‌ಳ ಮೋಸ ಅಂತ ಜನರಿಗೆ ತಕ್ಷಣ ಗೊತ್ತಾಗುತ್ತದೆ. ಅದನ್ನೇ ಅವನಿಗೆ ಹೇಳಿದೆ. ಅವನು ಮೊದಲ ಸಲ ನಗದೆ ಎದ್ದುಹೋದ. ಆಮೇಲೆ ಅಕ್ಕ ಬಂದು ತನ್ನ ಗಂಟಲು ಮುಟ್ಟಿಕೊಂಡು, ನನ್ನ ಗಂಟಲು ಮುಟ್ಟಿ, ಎರಡೂ ಕೈ ಖಾಲಿ ಅಂತ ತೋರಿಸಿದಳು. ವಾಪಸ್ ಕೊಡಲಾಗಲಿಲ್ಲ ಅಂತ.

ಭಾನುವಾರ ನೀನು ಫೋನ್ ಮಾಡಿದಾಗ ಅವಳ ಕಿವಿಗೆ ಹಿಡಿಯುತ್ತೇನೆ. ಉತ್ತರ ಬರಲಿಲ್ಲ ಅಂತ ಕೂಗಬೇಡ. ಸಿಂಪಿಯ ರೇಟು, ಒಕ್‌ಬೂನ್ ಅಜ್ಜಿಯ ಕನ್ನಡಕ, ಏನಾದರೂ ಹೇಳುತ್ತಿರು. ಚಳಿಗೆ ಬೆರಳು ನೆನೆಸಬೇಡ. ನಿನ್ನ ಆಶೀರ್ವಾದವನ್ನು ಮೊದಲು ಅವಳಿಗೆ ಕಳಿಸು, ಉಳಿದದ್ದು ನನಗೆ.

ನಿನ್ನ
ಸೊದಾಮ್

ತಾ.ಕ.: ಕೇಳಬಾರದು ಅಂತ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೊದಲ ವಾರ ಹಾಡು ಬಂದ ಕೂಡಲೇ ನೀನು ಅಳುತ್ತಾ ಫೋನ್ ಮಾಡಿದ್ದೆ. "ನನ್ನ ಯೆಸುಲ್ ಗಂಟಲು! ಸಾವಿರ ಜನ ಒಟ್ಟಿಗೆ ಹಾಡಿದ್ರೂ ನಾನು ಗುರುತು ಹಿಡೀತೀನಿ. ನೀನೂ ಒಂದು ಕಡೆ ಕೂತು ಕಲಿತಿದ್ರೆ ಏನಾಗ್ತಿತ್ತೋ," ಅಂದೆ. ಆ ಪಲ್ಲವಿ ನನ್ನದು ಅಜ್ಜಿ. ಶಾಲೆಯಿಂದ ತಪ್ಪಿಸಿಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ನಿನ್ನನ್ನು ಕರೆಯುತ್ತಿದ್ದೆ. ನೀರಿನ ಪಂಪು, ಚಿಪ್ಪು ಸುರಿಯುವ ಸದ್ದು, ಅಷ್ಟೊಂದು ಹೆಂಗಸರ ಮಾತು. ನೀನು ತಲೆಯನ್ನೂ ಎತ್ತದೆ "ಬಂದೆ ಸೊದಾಮ್" ಅನ್ನುತ್ತಿದ್ದೆ. ಆಗ ನಿನಗೆ ಹೇಗೆ ಗೊತ್ತಾಗುತ್ತಿತ್ತು?