ದೋಣಿ ಬೇಡದ ಆರು ಅಡಿ

ಥಾರ್ನೀಬಿ, ನಾರ್ಫಕ್

ಪೂಜ್ಯ ಪಾದ್ರಿ ಆಲ್ಬನ್ ಅವರಿಗೆ,

ಇವತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಉಪವಾಸ; ಬರಿ ಚಹಾದಲ್ಲಿದ್ದೇನೆ. ಕೋಳಿ ಬಿಟ್ಟು, ಒಲೆಯ ಬೂದಿ ತೆಗೆದು, ಅಮ್ಮನಿಗೆ ಗಂಜಿ ಕೊಟ್ಟು ಬರೆಯಲು ಕುಳಿತೆ.

ಚರ್ಚಿನ ಹೊಸ ಅಡುಗೆಮನೆಗೆ ಪಾಯ ತೋಡುವ ಮೊದಲು ಉತ್ತರದ ಗೋಡೆಯಡಿಯ ಸಮಾಧಿಗಳನ್ನು ಅಗೆದು ನೋಡುತ್ತಿರುವ ಪುರಾತತ್ವದ ಹುಡುಗಿ ಇಮೊಜೆನ್ ನಿನ್ನೆ ಮನೆಗೆ ಬಂದಿದ್ದಳು.

"ಎಂಟು ಹಸುಗೂಸು ಸಿಕ್ಕಿವೆ, ಸಾವಿರ ವರ್ಷದವು. ಒಂಬತ್ತನೇದು ಮಾತ್ರ ಬಿಸ್ಕತ್ತು ಡಬ್ಬೀಲಿದೆ, ಮಿಸೆಸ್ ಲೇಮನ್! ಯಾರದ್ದು, ಗೊತ್ತಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಳಗಿಂದ ಕೂಗಿದಳು: "ನಂದು ಕಣಮ್ಮ. ಇವಳಿಗಿಂತ ಮೊದಲಿನವನು, ಸತ್ತೇ ಹುಟ್ಟಿದ. ತಲೆಗೆ ನೀರು ಹಾಕೋ ದೀಕ್ಷಾಸ್ನಾನ ಆಗಿಲ್ಲ ಅಂತ ಆಗಿನ ಪಾದ್ರಿ ಹೂಳೋಕೆ ಜಾಗ ಕೊಡ್ಲಿಲ್ಲ. ಇವಳಪ್ಪ ಸೂರಿನ ನೀರು ಬೀಳೋ ಕಡೆ ಹೂತ. ಪಾದ್ರಿ ಹಾಕದ ನೀರನ್ನ ಚರ್ಚಿನ ಸೂರೇ ಹಾಕುತ್ತೆ ಬಿಡು ಅಂದ."

ಇಮೊಜೆನ್ ಕಣ್ಣೊರೆಸಿಕೊಂಡು ನಕ್ಕಳು. ಆ ಎಂಟು ಕೂಸುಗಳನ್ನು ಹೂತವರೂ ಹಾಗೆಯೇ ಅಂದುಕೊಂಡಿದ್ದರಂತೆ.

ಒಂಬತ್ತನ್ನೂ ಹೊಸ ಗೋಡೆಯ ಬುಡದಲ್ಲಿ ಮತ್ತೆ ಮಣ್ಣಿಗಿಡುತ್ತೀರೆಂದು ಕೇಳಿದೆ, ಸಂತೋಷ. ಆದರೆ ನಿಮ್ಮ ನಕ್ಷೆಯಲ್ಲಿ ಸೂರಿನುದ್ದಕ್ಕೂ ಮಳೆನೀರು ಹಿಡಿಯುವ ತಗಡಿನ ದೋಣಿ ಇದೆ. ಆ ಕೂಸುಗಳ ಮೇಲಿನ ಆರು ಅಡಿ ಬಿಟ್ಟು ಕಟ್ಟಿಸಿ. ಗೋಡೆಗೆ ಪಾಚಿ ಹಿಡಿದರೆ ಉಜ್ಜಲು ನಾನಿದ್ದೇನೆ.

ನಿಮ್ಮ ಸಮಿತಿ ಒಪ್ಪದಿದ್ದರೆ, ನನ್ನ ಉತ್ತರವನ್ನೂ ಚರ್ಚಿನ ಪೊರಕೆಯನ್ನೂ ಒಯ್ಯಲು ಯಾರನ್ನಾದರೂ ಕಳುಹಿಸಿ. ಉತ್ತರ ಆಗಲೇ ಬರೆದಿಟ್ಟಿದ್ದೇನೆ.

ನಿಮ್ಮ ಚರ್ಚು ಗುಡಿಸುವ,
ಡೋರ್ಕಾಸ್ ಲೇಮನ್