ವೈಜಯಂತಮ್ಮನವರು ಎಸೆದ ಮೂರನೇ ಚೀಲ

ತುಮಕೂರು ಮೇಲ್ಕೇರಿ, ಹನ್ನೊಂದನೇ ಅಟ್ಟ
ಇಸವಿ 2231, ಎರಡನೇ ಆಷಾಢದ ಮೂವತ್ತಮೂರನೇ ದಿನ

ವೈಜಯಂತಮ್ಮನವರಿಗೆ, ಗಂಗಹನುಮಕ್ಕನ ಏಳನೇ ತಲೆಮಾರಿನ ಚೆಲುವಹನುಮಿ ಕೈಮುಗಿದು ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲಿಗೆ ನಮ್ಮ ತಿಂಗಳುಗಳೂ ಹಿಗ್ಗಿವೆ ಎಂದು ಇಲ್ಲಿಯವರು ತಮಾಷೆ ಮಾಡುತ್ತಾರೆ. ನಿಮ್ಮ ಕಾಲದ ಕನ್ನಡವನ್ನು ಎರಡು ವರ್ಷ ಕೂತು ಕಲಿತಿದ್ದೇನೆ. ಆದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಂದು ಕೇರಿಗೆ, ಒಂದು ತಲೆಮಾರಿಗೆ ಒಂದೇ ಕಾಗದ. ಯಾರಿಗೆ ಬರೆಯಬೇಕೆಂದು ನಮ್ಮಲ್ಲಿ ಮೂರು ತಿಂಗಳು ಜಗಳವಾಯಿತು. ಅಂದಿನ ಮಂತ್ರಿಗಳಿಗೆ ಬರೆದು ಚೆನ್ನಾಗಿ ಬೈಯೋಣ ಎಂದರು ಕೆಲವರು. ಬೈಸಿಕೊಂಡು ಸುಧಾರಿಸಿದ ಮಂತ್ರಿಯನ್ನು ಯಾವ ಕಾಲದಲ್ಲಿ ಕಂಡಿದ್ದೀರಿ ಎಂದು ನಾನು ಕೇಳಿದೆ. ಕೊನೆಗೆ ಉಪಕಾರ ನೆನೆಯುವುದೇ ಸರಿ ಎಂದು ಎಲ್ಲರೂ ಒಪ್ಪಿದರು.

ನಿಮ್ಮ ಲೆಕ್ಕದಲ್ಲಿ ಒಂದು ವಾರದ ಹಿಂದೆ ನೀವು ಕಸದ ಗಾಡಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿದಿರಿ. ಕಾಫಿ ಚರಟದಲ್ಲಿ ಅಣಬೆ ಬೆಳೆಯಲು ಹೋಗಿ, ಇದೂ ಕೆಟ್ಟಿತೆಂದುಕೊಂಡ ಮೂರನೇ ಚೀಲ ಅದು. ಮೊದಲೆರಡು ಕೆಟ್ಟಿದ್ದು ನಿಜ. ನಿಮ್ಮದು ಸಂಡಿಗೆ ಒಣಗಿಸಿ ಪಳಗಿದ ಕೈ. ಚರಟವನ್ನೂ ತಾರಸಿಯ ಮೇಲೆ ಹರಡಿ ಒಣಗಿಸಿ, ಡಬ್ಬಿ ತುಂಬುವವರೆಗೆ ಕಾದು, ಆಮೇಲೆ ನೀರು ಚಿಮುಕಿಸಿ ಅಣಬೆ ಬೀಜ ಬೆರೆಸಿದಿರಿ. ಅಷ್ಟರಲ್ಲಿ ಹಸಿರು ಬೂಸಲು ಬಂದು ಜಾಗ ಹಿಡಿದಿತ್ತು. ಮೂರನೇ ಸಲ ಮೊಮ್ಮಗಳ ನಾಮಕರಣ, ಮನೆ ತುಂಬ ನೆಂಟರು, ಒಂದೇ ದಿನಕ್ಕೆ ಚೀಲವಾಗುವಷ್ಟು ಚರಟ. ಮಳೆ ಹಿಡಿದು ಒಣಗಿಸುವ ಹಾಗಿರಲಿಲ್ಲ. ಬೇಸತ್ತು, ಫಿಲ್ಟರಿನಿಂದ ತೆಗೆದದ್ದು ಆರುತ್ತಲೇ ಬೀಜ ಬೆರೆಸಿ ತುಂಬಿಬಿಟ್ಟಿರಿ. ಕುದಿನೀರು ಬಿದ್ದು ಬೂಸಲು ಸತ್ತ ಚರಟವನ್ನು ಆ ದಿನವೇ ಬಳಸಬೇಕು. ನಾವು ಇಂದಿಗೂ ಹಾಗೆಯೇ ಮಾಡುತ್ತೇವೆ.

ಇಪ್ಪತ್ತು ದಿನಕ್ಕೆ ಚೀಲವೆಲ್ಲ ಬೆಳ್ಳಗಾಯಿತು. ಉಪ್ಪಿನಕಾಯಿ ಜಾಡಿಯಲ್ಲಿ ಚೂರು ಬಿಳಿ ಕಂಡರೂ ಜಾಡಿಯನ್ನೇ ಬರಿದುಮಾಡುವ ಮನೆ ನಿಮ್ಮದು. ಅಣಬೆ ತಲೆ ಎತ್ತುವ ಮುಂಚೆ ಅದರ ಬೇರು ಹೀಗೆ ಹತ್ತಿಯಂತೆ ಹಬ್ಬುತ್ತದೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಚೀಲ ಹಿಡಿದು ಗೇಟಿಗೆ ಬಂದಾಗ ನಿಮ್ಮ ಅತ್ತೆ ಬಾಗಿಲಲ್ಲಿ ನಿಂತು, "ನಿನ್ನ ಕೈಗುಣವೇ ಅಷ್ಟು ಕಣೇ. ಕರಿಬೇವೂ ಬರಲಿಲ್ಲ, ತುಳಸೀನೂ ನಿಲ್ಲಲಿಲ್ಲ" ಎಂದರು. ನೀವು ಚೀಲವನ್ನು ಗಾಡಿಗೆ ಹಾಕಿ ಒಳಗೆ ಹೋದಿರಿ. ಅಂದಿನಿಂದ ಸಾಯುವವರೆಗೆ ನೀವು ಏನನ್ನೂ ನೆಡಲಿಲ್ಲವಂತೆ, ಕುಂಡಗಳೆಲ್ಲ ಖಾಲಿಯೇ ಇದ್ದವಂತೆ. ಅಮ್ಮಾ, ಚೀಲ ಕೆಟ್ಟಿರಲಿಲ್ಲ.

ಇದೆಲ್ಲ ಹೇಳಿದವಳು ನಿಮ್ಮ ಬೀದಿಯ ಕಸದ ಗಾಡಿಯ ಗಂಗಹನುಮಕ್ಕ. ನಮ್ಮ ವಂಶದ ಮೂಲದಜ್ಜಿ. ಅವಳು ಮುದುಕಿಯಾದಾಗ ಅವಳ ಮೊಮ್ಮಗಳು ಫೋನಿನಲ್ಲಿ ಹಿಡಿದಿಟ್ಟ ದನಿ ಈಗಲೂ ನಮ್ಮ ಹತ್ತಿರವಿದೆ. "ಅಮ್ಮೋರು ಬಿಸಾಕಿದ್ರು, ನಾನು ಎತ್ಕಂಡೆ. ನಮ್ಮೂರಾಗೆ ಬಣವೆ ಬುಡದಾಗೆ ಅಣಬೆ ಏಳೋಕ್ ಮುಂಚೆ ಹಿಂಗೇ ಬೆಳ್ಳುಗಿರ್ತಿತ್ತು. ಬೆಳ್ಳುಗಿರೋದೆಲ್ಲಾ ಕೆಟ್ಟೋಗಿರ್ತದಾ?" ಎಂದು ನಗುತ್ತಾಳೆ. ಚೀಲಕ್ಕೆ ನಾಲ್ಕು ಕಡೆ ಸೀಳು ಹಾಕಿ, ತನ್ನ ಮನೆಯ ನೀರಿನ ಡ್ರಮ್ಮಿನ ಹಿಂದೆ ನೇತುಹಾಕಿದಳು. ವಾರದೊಳಗೆ ಚಿಪ್ಪಣಬೆ ಗೊಂಚಲು ಗೊಂಚಲಾಗಿ ಬಂತು.

ಒಂದು ಗುಟ್ಟು ಹೇಳಲೇಬೇಕು. ಗಂಗಹನುಮಕ್ಕನಿಗೆ ನೀವು ದಿನಾ ಕಾಫಿ ಕೊಡುತ್ತಿದ್ದಿರಿ. ಮೊದಲ ಡಿಕಾಕ್ಷನ್ ಮನೆಯವರಿಗೆ, ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೆಯದು ಅವಳಿಗೆ, ಗೇಟಿನ ಹೊರಗೆ, ಬೇರೆ ಲೋಟದಲ್ಲಿ. ಮೊದಲು ತಿಳಿದಾಗ ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚರಟದಲ್ಲಿ ಕಾಫಿಯ ಸತ್ವ ಜಾಸ್ತಿ ಉಳಿದಿದ್ದರೆ ಅಣಬೆ ಮುದುಡುತ್ತದೆ, ಎರಡು ಸಲ ಇಳಿಸಿದ ಚರಟದಲ್ಲೇ ಅದು ಖುಷಿಯಾಗಿ ಹಬ್ಬುವುದು. ನಿಮ್ಮ ಜಿಪುಣತನವೇ ನಮ್ಮನ್ನು ಸಾಕಿತು ನೋಡಿ.

ಸಾಕಿತು ಎಂದದ್ದು ಬಾಯಿಮಾತಿಗಲ್ಲ. ನಮ್ಮ ಕಾಲದಲ್ಲಿ ಬೇಳೆ ಅಪರೂಪ. ಕಾಫಿ ನೆರಳುಗೂಡುಗಳಲ್ಲಿ ಮಾತ್ರ ಬೆಳೆಯುತ್ತದೆ. ಪರದೆ ಕಟ್ಟಿ ಮಂಜು ಹಾಯಿಸುವ ತೋಟಗಳವು. ವಾರಕ್ಕೆರಡು ದಿನ ಕಾಫಿದಿನ. ಅಂದು ಕೇರಿಯ ನಲವತ್ತು ಮನೆಯವರೂ ಒಟ್ಟಿಗೆ ಕೂತು ಕುಡಿಯುತ್ತೇವೆ, ಲೋಟಗಳೆಲ್ಲ ಒಂದೇ ಥರ. ಚರಟ ಆರುತ್ತಲೇ ಬಿಳಿಕೋಣೆಗೆ ಹೋಗುತ್ತದೆ. ಮನೆಗೊಂದು ಬಿಳಿಕೋಣೆ ಇದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದ ಸಣ್ಣ ಜಾಗ, ಅಲ್ಲಿಗೆ ಕೈತೊಳೆಯದೆ ಹೋದವರಿಗೆ ನನ್ನಿಂದ ಮಂಗಳಾರತಿ. ಹಳೇ ಚೀಲದಿಂದ ಹಿಡಿ ತೆಗೆದು ಹೊಸದಕ್ಕೆ ಬೆರೆಸುತ್ತೇವೆ. ಹೆಣ್ಣಾಗಲಿ ಗಂಡಾಗಲಿ, ಮನೆ ಬಿಟ್ಟು ಬೇರೆ ಮನೆ ಹೂಡುವವರಿಗೆ ಆ ಹಿಡಿಯನ್ನು ಕಟ್ಟಿಕೊಡುತ್ತೇವೆ. ಹೀಗೆ ನಿಮ್ಮ ಮೂರನೇ ಚೀಲ ಇನ್ನೂರು ವರ್ಷ ಸಾಯದೆ ಬಂದಿದೆ. ಮುದ್ದೆಗೆ ಅದರದೇ ಸಾರು, ಬಾಣಂತಿಗೆ ಅದರದೇ ಪಲ್ಯ. ತಳಿಗೆ ಗಂಗಹನುಮಕ್ಕನೇ ಹೆಸರಿಟ್ಟಳು. ನಮ್ಮ ಸಂತೆಯಲ್ಲಿ ಯಾರೂ ಅಣಬೆ ಕೊಡಿ ಎನ್ನುವುದಿಲ್ಲ, ಎರಡು ಹಿಡಿ ವೈಜಂತಿ ಕೊಡಿ ಎನ್ನುತ್ತಾರೆ.

ನೀವು ಚೀಲ ಎಸೆಯುವ ಮುನ್ನ ಈ ಕಾಗದ ತಲುಪಿದ್ದರೆ ನೀವು ಎಸೆಯುತ್ತಿರಲಿಲ್ಲ, ನಾವೂ ಉಣ್ಣುತ್ತಿರಲಿಲ್ಲ. ಅದಕ್ಕೇ ಒಂದು ವಾರ ತಡಮಾಡಿ ಕಳಿಸಿದ್ದೇವೆ. ಈಗ ಒಂದೇ ಬೇಡಿಕೆ. ಇದರಿಂದ ನಮಗೇನೂ ಕೆಡುವುದಿಲ್ಲ, ತಿಳಿದವರನ್ನು ಕೇಳಿದ್ದೇನೆ.

ಆ ದನಿಯ ಕೊನೆಯಲ್ಲಿ ಗಂಗಹನುಮಕ್ಕ ನಗುವುದಿಲ್ಲ. "ಸಾರು ಮಾಡಿ ಅಮ್ಮೋರಿಗೂ ಒಂದ್ ಡಬ್ಬಿ ತಗಂಡೋದೆ. ಗೇಟ್ ತಾವ ನಿಂತ್ಕಂಡೆ. ನಮ್ ಮನೇದು ಅವ್ರು ತಿಂತಾರಾ ಅನ್ನುಸ್ತು. ಹಂಗೇ ವಾಪಸ್ ಬಂದ್‌ಬಿಟ್ಟೆ" ಎನ್ನುತ್ತಾಳೆ. ನಿಮಗೆ ನಿಮ್ಮ ಕೈಗುಣ ತಿಳಿಯದೇ ಹೋದದ್ದು ಹೀಗೆ.

ಅವಳು ಡಬ್ಬಿ ಹಿಡಿದು ನಿಮ್ಮ ಗೇಟಿಗೆ ಬರುವುದು ನಾಳೆ ಬೆಳಿಗ್ಗೆ ಏಳೂವರೆಗೆ. ಅವಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅತ್ತೆ ಏನಾದರೂ ಅಂದುಕೊಳ್ಳಲಿ, ನೀವೇ ಹೋಗಿ ಗೇಟು ತೆಗೆದು ಒಳಗೆ ಕರೆಯಿರಿ. ಡಬ್ಬಿ ಬಿಸಿಯಿರುತ್ತದೆ, ಎರಡೂ ಕೈಯಲ್ಲಿ ಇಸಿದುಕೊಳ್ಳಿ.

ನಿಮ್ಮ ಅನ್ನ ಉಂಡವಳು,
ಚೆಲುವಹನುಮಿ